ಜಾಥಾ ಮುಗಿದ ಮೇಲೆ: ಕೊಡಗಿನ ಕಾಲೇಜುಗಳಲ್ಲಿ ಜೀವ ಉಳಿಸುವ ಕೆಲಸ

ಕೊಡಗಿನವರು ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಕಳೆದು ಒಂದು ವಾರಕ್ಕೆ ಸೆಪ್ಟೆಂಬರ್ 10 ಬರುತ್ತದೆ. ಅಂದು ವಿಶ್ವ ಆತ್ಮಹತ್ಯೆ ತಡೆ ದಿನ. 2003ರಿಂದ ಜಗತ್ತಿನ ಹಲವು ಕಡೆ ಆಚರಿಸುತ್ತಿದ್ದಾರೆ. ಕಾಲೇಜುಗಳಲ್ಲಿ ಆ ದಿನ ಪೋಸ್ಟರ್ ಸ್ಪರ್ಧೆ ಇರುತ್ತದೆ, ಬೀದಿನಾಟಕ ಇರುತ್ತದೆ, ಸಭಾಂಗಣದಲ್ಲಿ ಮನೋವೈದ್ಯರೊಬ್ಬರ ಮಾತು ಇರುತ್ತದೆ. ಎನ್‌ಎಸ್‌ಎಸ್ ಮಕ್ಕಳು ಫಲಕ ಹಿಡಿದು ಮಳೆಯಲ್ಲೇ ಜಾಥಾ ಹೊರಡುತ್ತಾರೆ.

ಇದೆಲ್ಲ ಬೇಕು. ಯಾರೂ ಬಾಯಿ ಬಿಡದ ವಿಷಯವನ್ನು ಒಂದು ದಿನವಾದರೂ ಮೈಕಿನಲ್ಲಿ ಮಾತಾಡಿದರೆ ಅದೂ ಒಂದು ಲಾಭ. ಆದರೆ ಮಾರನೇ ದಿನ ಹಾಸ್ಟೆಲ್ ರೂಮಿನಲ್ಲಿ ಒಬ್ಬಳು ತನ್ನ ಗೆಳತಿಗೆ "ನನಗೆ ಸಾಕಾಗಿದೆ, ಬದುಕೋಕೇ ಇಷ್ಟ ಇಲ್ಲ" ಅಂದಳು ಅಂತಿಟ್ಟುಕೊಳ್ಳಿ. ಆ ಗೆಳತಿ ಆಗ ಏನು ಹೇಳಬೇಕು? ಯಾರಿಗೆ ಫೋನ್ ಮಾಡಬೇಕು? ಇದನ್ನು ಕಲಿಸದಿದ್ದರೆ ಜಾಥಾ ಅರ್ಧ ಕೆಲಸ ಮಾತ್ರ. ಉಳಿದ ಅರ್ಧದ ಬಗ್ಗೆ ಇಲ್ಲಿ ಬರೆಯುತ್ತೇನೆ.

ಮೊದಲು ಒಂದೆರಡು ಅಂಕಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಜಗತ್ತಿನ ಲೆಕ್ಕ ನೋಡಿದರೆ 15ರಿಂದ 29ರ ವಯಸ್ಸಿನವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆ ಮೂರನೇ ಸ್ಥಾನದಲ್ಲಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಕಾಲೇಜಿನ ವಯಸ್ಸೇ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆತ್ಮಹತ್ಯೆ ತಡೆಗೆ ಮೊದಲ ರಾಷ್ಟ್ರೀಯ ಕಾರ್ಯತಂತ್ರ ಹೊರಡಿಸಿತು. 2030ರೊಳಗೆ ಇಂಥ ಸಾವುಗಳನ್ನು ಶೇ 10ರಷ್ಟು ಇಳಿಸುವುದು ಅದರ ಗುರಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಕೊಡಗಿನಲ್ಲಿ ಯಾರನ್ನು ಹೊಸದಾಗಿ ಕಂಡರೂ ಮೊದಲು ಕೇಳುವುದು "ಯಾರ ಮನೆಯವರು?" ಅಂತ. ಮನೆ ಹೆಸರು ಹೇಳಿದರೆ ಸಾಕು, ಅಜ್ಜನಿಂದ ಹಿಡಿದು ಸೋದರತ್ತೆಯವರೆಗೆ ಎಲ್ಲರ ಗುರುತು ಸಿಕ್ಕಿಬಿಡುತ್ತದೆ. ಈ ಆಪ್ತತೆ ಕಷ್ಟಕ್ಕೆ ಆಗುತ್ತದೆ, ನಿಜ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಗುರುತಿಲ್ಲದವರಿಗೂ ಜನ ಮನೆ ಬಾಗಿಲು ತೆಗೆದರು. ಆದರೆ ಇದೇ ಆಪ್ತತೆ ಒಬ್ಬ ಹತ್ತೊಂಬತ್ತರ ಹುಡುಗಿಯ ಬಾಯಿ ಕಟ್ಟಿಬಿಡುತ್ತದೆ. ಮಡಿಕೇರಿಯ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಮುಂದೆ ಕೂತರೆ ಸಂಜೆ ಬಸ್ಸು ನಾಪೋಕ್ಲು ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ ಅನ್ನುವ ಭಯ ಅವಳಿಗೆ. ಮದುವೆ ಸಂಬಂಧಕ್ಕೆ ತೊಂದರೆ ಆದೀತು ಅನ್ನುವ ಭಯ ತಾಯಿಗೆ. ಈ ಭಯವನ್ನು ಸುಮ್ನೆ 'ಅಜ್ಞಾನ' ಅಂತ ತಳ್ಳಿಹಾಕುವವರು ಚಿಕ್ಕ ಊರಿನಲ್ಲಿ ಬದುಕಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಭಾರವೂ ಇದೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಮಣ್ಣು, ಸೈನ್ಯದ ಮಣ್ಣು, ಹಾಕಿಯ ಮಣ್ಣು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಪಡಬೇಕಾದ್ದೇ. ಆದರೆ "ನಮ್ಮ ಮನೆಯಲ್ಲಿ ಯಾರೂ ಅಳುವವರಲ್ಲ" ಅನ್ನುವ ಮಾತು ಕೇಳಿ ಬೆಳೆದ ಹುಡುಗ ತನಗೆ ಮೂರು ತಿಂಗಳಿಂದ ನಿದ್ದೆ ಬರುತ್ತಿಲ್ಲ ಅಂತ ಯಾರಿಗೆ ಹೇಳಬೇಕು? ತೋಟದ ಕಾರ್ಮಿಕರ ಲೈನ್‌ಮನೆಯಿಂದಲೋ ಆದಿವಾಸಿ ಹಾಡಿಯಿಂದಲೋ ಮೊದಲ ಸಲ ಕಾಲೇಜಿಗೆ ಬಂದ ಯರವ, ಜೇನುಕುರುಬ ಮಕ್ಕಳ ಕಷ್ಟ ಬೇರೆಯೇ. ಪಾಠ ಇಂಗ್ಲಿಷಿನಲ್ಲಿ, ಮನೆ ಮಾತು ಇನ್ನೊಂದು, ಕ್ಯಾಂಟೀನಿನಲ್ಲಿ ಪಕ್ಕ ಕೂರುವವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ದಿನಗಟ್ಟಲೆ ಇಲ್ಲದ ಕರೆಂಟು, ಸಿಗದ ನೆಟ್‌ವರ್ಕ್. ರೂಮಿನಲ್ಲಿ ಒಂಟಿಯಾಗಿರುವವರಿಗೆ ಆ ತಿಂಗಳುಗಳು ಇನ್ನೂ ಉದ್ದ. ಮತ್ತೆ 2018ರಲ್ಲೂ ಆಮೇಲೂ ಕುಸಿತ ಕಂಡ ಮನೆಗಳ ಮಕ್ಕಳಿಗೆ ಜೋರು ಮಳೆಯ ಸದ್ದೇ ಸಾಕು, ಎದೆ ಹೊಡೆದುಕೊಳ್ಳಲು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಆತ್ಮಹತ್ಯೆಗೆ ಒಂದೇ ಕಾರಣ ಅಂತ ಇರುವುದಿಲ್ಲ. 'ಫೇಲಾದ್ದಕ್ಕೆ', 'ಪ್ರೀತಿ ಮುರಿದಿದ್ದಕ್ಕೆ' ಅಂತ ನಾವು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಫೇಲಾದವರು ಸಾವಿರಾರು ಮಂದಿ ಬದುಕುತ್ತಾರೆ. ಖಿನ್ನತೆಯಂಥ ಕಾಯಿಲೆ, ಸಾಲ, ಅವಮಾನ, ಕುಡಿತ, ಮನೆಯ ಜಗಳ, ಜಾತಿಯ ಹೀಯಾಳಿಕೆ, ರ‍್ಯಾಗಿಂಗ್, ಇವುಗಳಲ್ಲಿ ಹಲವು ಒಟ್ಟಿಗೆ ಸೇರಿ ಒಬ್ಬರನ್ನು ಮೂಲೆಗೆ ಒತ್ತುತ್ತವೆ. ಆಗ ಅವರಿಗೆ ಬೇರೆ ದಾರಿಯೇ ಕಾಣುವುದಿಲ್ಲ. ಕೊನೆಗೆ ಬಂದ ಮಾರ್ಕ್ಸ್ ಕಾರ್ಡ್ ಮಾತ್ರ ಹೊರಗಿನವರ ಕಣ್ಣಿಗೆ ಬೀಳುತ್ತದೆ.

ಜೀವ ಉಳಿಸುವ ಕೆಲಸ ಸಾಧ್ಯವಾಗುವುದು ಎರಡು ಸಂಗತಿಗಳಿಂದ. ಒಂದು, ಸಾಯಬೇಕು ಅಂದುಕೊಂಡವರಲ್ಲಿ ಬದುಕಬೇಕು ಅನ್ನುವ ಆಸೆಯೂ ಇರುತ್ತದೆ. ಎರಡೂ ಒಟ್ಟಿಗೆ ಎಳೆದಾಡುತ್ತಿರುತ್ತವೆ. ಅವರಿಗೆ ನಿಜಕ್ಕೂ ಬೇಕಾಗಿರುವುದು ಆ ಸಂಕಟ ನಿಲ್ಲುವುದು. ಎರಡು, ಅತಿ ಅಪಾಯದ ಹೊತ್ತು ಸಾಮಾನ್ಯವಾಗಿ ಚಿಕ್ಕದು. ಅದನ್ನು ಯಾರದ್ದಾದರೂ ಜೊತೆಯಲ್ಲಿ ದಾಟಿಸಿಬಿಟ್ಟರೆ ಚಿಕಿತ್ಸೆಗೆ, ಮಾತಿಗೆ ಜಾಗ ಸಿಗುತ್ತದೆ. ಒಮ್ಮೆ ಪ್ರಯತ್ನಿಸಿ ಬದುಕಿ ಉಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. "ಸಾಯುವವರನ್ನು ತಡೆಯಕ್ಕಾಗಲ್ಲ" ಅನ್ನುವ ಮಾತು ಹಾಗಾಗಿ ಸುಳ್ಳು.

ಆ ಹೊತ್ತನ್ನು ಮೊದಲು ಗುರುತಿಸುವವರು ಯಾರು? ಪ್ರಿನ್ಸಿಪಾಲರಲ್ಲ, ಎಷ್ಟೋ ಸಲ ಅಪ್ಪ ಅಮ್ಮನೂ ಅಲ್ಲ. ಪಕ್ಕದ ಮಂಚದವರು, ಒಂದೇ ಬಸ್ಸಿನಲ್ಲಿ ಬರುವವರು, ಲ್ಯಾಬಿನಲ್ಲಿ ಜೋಡಿಯಾಗಿರುವವರು. ಊಟ ಬಿಟ್ಟದ್ದು ಅವರಿಗೆ ಗೊತ್ತಿರುತ್ತದೆ. ಗ್ರೌಂಡಿಗೆ ಬರುವುದು ನಿಲ್ಲಿಸಿದ್ದು, ಸುಗ್ಗಿ ಹಬ್ಬ ಪುತ್ತರಿಗೂ ಮನೆಗೆ ಹೋಗದೆ ರೂಮಿನಲ್ಲೇ ಉಳಿದದ್ದು, ಕುಡಿಯುವುದು ಜಾಸ್ತಿ ಆದದ್ದು, ಇಷ್ಟದ ಹಾಕಿ ಸ್ಟಿಕ್ಕನ್ನೋ ವಾಚನ್ನೋ ಸುಮ್ಮನೆ ಕೊಟ್ಟುಬಿಟ್ಟದ್ದು, "ನಾನು ಎಲ್ಲರಿಗೂ ಹೊರೆ" ಅಂತ ತಮಾಷೆಯ ಹಾಗೆ ಅಂದದ್ದು, ನಡುರಾತ್ರಿ ಹಾಕಿ ಬೆಳಿಗ್ಗೆ ಅಳಿಸಿದ ಸ್ಟೇಟಸ್ಸು. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಮೂರು ನಾಲ್ಕು ಒಟ್ಟಿಗೆ ಕಂಡರೆ, ಅದರಲ್ಲೂ ಮೊದಲಿದ್ದ ಹಾಗೆ ಈಗಿಲ್ಲ ಅನ್ನಿಸಿದರೆ, ಕೇಳಲೇಬೇಕು. ತುಂಬಾ ದಿನ ಕುಗ್ಗಿದ್ದವರು ಇದ್ದಕ್ಕಿದ್ದಂತೆ ನಿರಾಳವಾದರೆ "ಅಬ್ಬ, ಸರಿಹೋದ" ಅಂತ ಬಿಟ್ಟುಬಿಡಬೇಡಿ. ಆಗಲೂ ಕೇಳಬೇಕು.

ಕೇಳುವುದು ಹೇಗೆ? ಇಲ್ಲೇ ಎಲ್ಲರೂ ಹಿಂಜರಿಯುವುದು. 'ಸಾಯೋ ಯೋಚನೆ ಇದೆಯಾ' ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗಲ್ವಾ? ಆಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ 2,342 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು. ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ನೇರವಾಗಿ ಕೇಳಿಸಿಕೊಂಡ ಮಕ್ಕಳಲ್ಲಿ ಆ ಯೋಚನೆ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದವರಿಗೂ, ಹಿಂದೆ ಪ್ರಯತ್ನಿಸಿದ್ದವರಿಗೂ ಅದರಿಂದ ಕೆಡುಕಾಗಲಿಲ್ಲ. ಆಮೇಲೆ ಬಂದ ಅಧ್ಯಯನಗಳೂ ಇದನ್ನೇ ಹೇಳಿವೆ.

ತರಬೇತಿಯಲ್ಲಿ ಇಬ್ಬಿಬ್ಬರು ಕೂತು ಅಭಿನಯಿಸಿ ನೋಡಲಿ ಅಂತ ಒಂದು ಮಾತುಕತೆಯನ್ನು ಇಲ್ಲಿ ಬರೆದಿದ್ದೇನೆ. ಜಾಗ ಹಾಸ್ಟೆಲ್ ರೂಮು, ಸಮಯ ರಾತ್ರಿ.

"ಮಾರಾಯ, ನಾಲ್ಕು ದಿನದಿಂದ ನೀನು ಮೆಸ್ಸಿಗೆ ಬರ್ತಿಲ್ಲ. ಗ್ರೌಂಡಿಗೂ ಇಲ್ಲ. ಎಂತ ಆಯ್ತು?"

"ಎಂತ ಇಲ್ಲ."

"ಸರಿ, ಈಗಲೇ ಹೇಳ್ಬೇಕಂತ ಇಲ್ಲ. ನಾನು ಇಲ್ಲೇ ಕೂತಿರ್ತೇನೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡುವುದಿಲ್ಲ.

"ಎರಡು ಸಬ್ಜೆಕ್ಟ್ ಹೋಯ್ತು. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದು. ನಾನಿಲ್ಲದಿದ್ರೆ ಅವರಿಗೇ ಆರಾಮ."

"ನಾನಿಲ್ಲದಿದ್ರೆ ಅಂದ್ಯಲ್ಲ, ನಿಂಗೆ ಸಾಯ್ಬೇಕು ಅಂತ ಅನಿಸ್ತಾ ಉಂಟಾ?"

"ಕೆಲವು ಸಲ."

"ಹೇಳಿದ್ದು ಒಳ್ಳೇದಾಯ್ತು. ಇವತ್ತು, ಈ ರಾತ್ರಿ ಹಾಗೆ ಅನಿಸ್ತಾ ಉಂಟಾ?"

"ಗೊತ್ತಿಲ್ಲ."

"ಹಾಗಾದ್ರೆ ಇವತ್ತು ನೀನು ಒಬ್ಬನೇ ಇರೋದು ಬೇಡ. ನಾನಿರ್ತೇನೆ. ಇಬ್ಬರೂ ಸೇರಿ ಒಂದು ಫೋನ್ ಮಾಡುವ."

ಇದರಲ್ಲಿ ಏನಿಲ್ಲ ಅನ್ನುವುದನ್ನು ಮೊದಲು ನೋಡಿ. ಬುದ್ಧಿವಾದ ಇಲ್ಲ. "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಮಂದಿ ಇದ್ದಾರೆ" ಇಲ್ಲ. "ಅಪ್ಪ ಅಮ್ಮನ ಗತಿ ಏನು ಯೋಚಿಸು" ಇಲ್ಲ. ಕೊನೆಯ ಮಾತನ್ನು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ತಾನು ಹೊರೆ ಅಂತ ಮೊದಲೇ ಕುಗ್ಗಿರುವವನ ಮೇಲೆ ಇನ್ನೊಂದು ತಪ್ಪು ಹೊರಿಸಿದ ಹಾಗೆ ಆಗುತ್ತದೆ. "ಹಾಗೆಲ್ಲ ಯೋಚನೆ ಇಲ್ಲ ತಾನೇ?" ಅಂತಲೂ ಕೇಳಬಾರದು. ಹಾಗೆ ಕೇಳಿದರೆ 'ಇಲ್ಲ' ಅನ್ನುವ ಉತ್ತರವನ್ನು ನಾವೇ ಕೈಗಿಟ್ಟ ಹಾಗೆ.

ಇನ್ನು ಗುಟ್ಟಿನ ವಿಷಯ. ಇಂಥ ಮಾತಿನ ಬೆನ್ನಿಗೇ "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಅಂತ ಬರುತ್ತದೆ. ಮಾಡಬೇಡಿ. "ಊರೆಲ್ಲ ಗೊತ್ತಾಗುವ ಹಾಗೆ ಮಾಡಲ್ಲ. ಆದರೆ ನಿನ್ನ ಜೀವದ ಪ್ರಶ್ನೆ, ಸಹಾಯ ಮಾಡಬಲ್ಲ ಒಬ್ಬರಿಗೆ ಹೇಳಲೇಬೇಕು. ಯಾರಿಗೆ ಹೇಳುವ, ನೀನೇ ಹೇಳು" ಅನ್ನಿ. ಕೊಡಗಿನಂಥ ಜಾಗದಲ್ಲಿ ಈ ವ್ಯತ್ಯಾಸ ದೊಡ್ಡದು. ಒಬ್ಬರ ಖಾಸಗಿ ವಿಷಯವನ್ನು ಕಾಪಾಡುವುದು ಬೇರೆ, ಅಪಾಯವನ್ನು ಮುಚ್ಚಿಡುವುದು ಬೇರೆ. ಕಾನೂನೂ ಹೀಗೇ ನೋಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ವಿವರ ಗೋಪ್ಯವಾಗಿರಬೇಕು ಅನ್ನುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ಅದನ್ನು ತಡೆಯಲು ಬೇಕಾದಷ್ಟನ್ನೇ ಹೇಳಬಹುದು ಅನ್ನುತ್ತದೆ.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಹೋಗದವರೂ ಇದ್ದಾರೆ. ಅದೇ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲಿನ ರೂಪದಲ್ಲಿ ಇಲ್ಲ.

ಫೋನ್ ಯಾರಿಗೆ? 14416. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. 'ಯಾರ ಮನೆಯವರು' ಅನ್ನುವ ಪ್ರಶ್ನೆಗೆ ಹೆದರುವವರಿಗೆ ಇದರ ಬೆಲೆ ಹೆಚ್ಚು, ಯಾಕೆಂದರೆ ಆ ಕಡೆ ಮಾತಾಡುವವರಿಗೆ ನಿಮ್ಮ ಸೋದರಮಾವನ ಗುರುತಿರುವುದಿಲ್ಲ. ಗೆಳೆಯನ ಬಗ್ಗೆ ಚಿಂತೆಯಾದರೆ ನೀವೇ ಫೋನ್ ಮಾಡಿ ಏನು ಮಾಡಲಿ ಅಂತ ಕೇಳಬಹುದು. ಈಗಲೇ ಅಪಾಯ ಇದೆ ಅನಿಸಿದರೆ ಕಾಯಬಾರದು. 112ಕ್ಕೆ ಕರೆ ಮಾಡಿ, ಇಲ್ಲವೇ ವಾರ್ಡನ್ನರನ್ನು ಎಬ್ಬಿಸಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯೂ ಹೌದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಜಿಲ್ಲೆಯಲ್ಲಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿದೆ. ನಿಮ್ಮ ತಾಲೂಕಿನಲ್ಲಿ ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ ಅಂತ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ತುರ್ತಿನ ರಾತ್ರಿ ವಿಚಾರಿಸುತ್ತಾ ಕೂರುವ ಹಾಗಾಗಬಾರದು.

ಕೊಡಗಿನಲ್ಲಿ ಮಾತಾಡಲೇಬೇಕಾದ ಇನ್ನೊಂದು ವಿಷಯವಿದೆ. ಬಹಳ ಮನೆಗಳಲ್ಲಿ ಕೋವಿ ಇದೆ. ಕೊಡವರಿಗೂ ಜಮ್ಮಾ (ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ತೋಟಗಳಲ್ಲಿ ಕೀಟನಾಶಕವೂ ಇರುತ್ತದೆ. ಯಾರೂ ಇವನ್ನು ಬಿಟ್ಟುಕೊಡಿ ಅನ್ನುತ್ತಿಲ್ಲ. ಆದರೆ ಅಪಾಯದ ಹೊತ್ತಿನಲ್ಲಿ ಕೈಗೆ ಸುಲಭವಾಗಿ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಈ ಕ್ಷೇತ್ರದಲ್ಲಿ ಇಷ್ಟು ಗಟ್ಟಿ ಪುರಾವೆ ಇರುವ ಸಂಗತಿ ಬೇರೆ ಕಡಿಮೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. ಅಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ 70ರಷ್ಟು ಇಳಿಯಿತು. ಬೇರೆ ವಿಧಾನಗಳು ಆ ಜಾಗ ತುಂಬಲಿಲ್ಲ. ಹಾಗಾಗಿ ಮನೆಯಲ್ಲಿ ಯಾರಾದರೂ ಕುಗ್ಗಿದ್ದಾರೆ ಅನಿಸಿದರೆ ಕೋವಿಗೂ ತೋಟದ ಔಷಧಿಯ ಕೋಣೆಗೂ ಬೀಗ ಬೀಳಬೇಕು, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಬೇಕು. ಸ್ವಲ್ಪ ಕಾಲ ಕೋವಿಯನ್ನು ನಂಬಿಕಸ್ಥ ದಾಯಾದಿಯ ಮನೆಯಲ್ಲಿಡುವ ಬಗ್ಗೆಯೂ ಹಿರಿಯರು ನಿಯಮ ವಿಚಾರಿಸಿ ತೀರ್ಮಾನಿಸಬಹುದು. ಗೆಳೆಯನಿಗೆ ಇದನ್ನು ಮನೆಯವರ ಹತ್ತಿರ ಹೇಳುವುದು ಕಷ್ಟವಾದರೆ ಮೇಷ್ಟ್ರ ಮೂಲಕ, ಡಾಕ್ಟರ ಮೂಲಕ ಹೇಳಿಸಲಿ. ಹಬ್ಬದ ದಿನ ಕೋವಿಗೆ ಹೂವಿಡುವ ಮನೆಗಳಿಗೆ ಆ ಜವಾಬ್ದಾರಿ ಅರ್ಥವಾಗುತ್ತದೆ ಅನ್ನುವ ನಂಬಿಕೆ ನನಗಿದೆ.

ಈಗ ವಿದ್ಯಾರ್ಥಿಗಳ ತಂಡದ ಮಾತು. ಅಮೆರಿಕದಲ್ಲಿ ಅಲಿಸನ್ ಮಾಲ್ಮನ್ ಎಂಬ ವಿದ್ಯಾರ್ಥಿನಿ ಅಣ್ಣನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ಮೇಲೆ ತನ್ನ ವಿಶ್ವವಿದ್ಯಾಲಯದಲ್ಲೇ ಒಂದು ಗುಂಪು ಕಟ್ಟಿದರು. 2003ರಲ್ಲಿ 'ಆ್ಯಕ್ಟಿವ್ ಮೈಂಡ್ಸ್' ಎಂಬ ಸಂಸ್ಥೆಯಾಗಿ ಅದು ಬೇರೆ ಬೇರೆ ಕ್ಯಾಂಪಸ್ಸುಗಳಿಗೆ ಹಬ್ಬಿತು. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ಮಕ್ಕಳ ಮೇಲೆ ನಡೆದ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಮೂರು ವಿಧಾನ ಹೋಲಿಸಿದರು. ಶಿಕ್ಷಕರಿಗೆ ತರಬೇತಿ, ತಜ್ಞರಿಂದ ಮಕ್ಕಳ ತಪಾಸಣೆ, ಮತ್ತೆ ಮಕ್ಕಳೇ ಪಾತ್ರ ಮಾಡಿ ಚರ್ಚಿಸಿ ಕಲಿಯುವುದು. ಒಂದು ವರ್ಷದ ನಂತರ ಆತ್ಮಹತ್ಯೆಯ ಪ್ರಯತ್ನಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದು ಮೂರನೆಯದರಲ್ಲಿ. ಅಲ್ಲಿಯವರು ಹೈಸ್ಕೂಲು ಮಕ್ಕಳು, ಇಲ್ಲಿಯವರು ಕಾಲೇಜಿನವರು, ನಿಜ. ಆದರೂ ಕೇಳಿಸಿಕೊಂಡ ಭಾಷಣಕ್ಕಿಂತ ಆಡಿ ನೋಡಿದ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನುವುದು ನಮಗೂ ಸಲ್ಲುತ್ತದೆ.

ಹಾಗಂತ ತಂಡದ ಹುಡುಗರು ಡಾಕ್ಟರಾಗಬಾರದು. ಅವರ ಕೆಲಸ ಗಮನಿಸುವುದು, ಕೇಳುವುದು, ಜೊತೆಗಿರುವುದು, ಬಲ್ಲವರ ಕೈಗೆ ಒಪ್ಪಿಸುವುದು. ಅಷ್ಟೇ. ಗೋಣಿಕೊಪ್ಪದ ಕಾಲೇಜಾಗಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಾಗಲಿ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಾಗಲಿ, ಪ್ರತಿ ಕ್ಲಾಸಿನಿಂದ ಇಬ್ಬರು, ಜೊತೆಗೆ ಮಕ್ಕಳು ನಂಬುವ ಒಬ್ಬ ಉಪನ್ಯಾಸಕರು ಇದ್ದರೆ ಶುರುಮಾಡಬಹುದು. ರಿಸಲ್ಟ್ ಬರುವ ವಾರ ತಂಡ ಎಚ್ಚರವಾಗಿರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಸ್ಟೆಲಿನಲ್ಲಿ ಸೇರಲಿ. ಮೂರು ದಿನ ಕಾಣದ ಕ್ಲಾಸ್‌ಮೇಟಿಗೆ ಒಂದು ಫೋನ್ ಹೋಗಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡುವವರು ತಂಡದಲ್ಲಿರಲಿ. ನೋವು ಮನೆ ಮಾತಿನಲ್ಲೇ ಸರಿಯಾಗಿ ಹೊರಬರುವುದು, ಅಲ್ವಾ? ಮುಖ್ಯವಾಗಿ, ಗೆಳೆಯನ ಜೊತೆ ರಾತ್ರಿಯಿಡೀ ಕೂತವರ ಮಾತನ್ನೂ ಮಾರನೇ ದಿನ ಒಬ್ಬರು ಕೂತು ಕೇಳಬೇಕು. ಅವರಿಗೂ ಇಪ್ಪತ್ತೇ ವರ್ಷ.

ಕಾಲೇಜಿನ ಆಡಳಿತದಿಂದ ಏನು ಕೇಳಬಹುದು ಅನ್ನುವುದಕ್ಕೆ ಈಗ ಗಟ್ಟಿ ಆಧಾರ ಇದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆ ಇರುವ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ ಮಾನಸ್ ಸಂಖ್ಯೆಯನ್ನು ಹಾಸ್ಟೆಲ್, ಕ್ಲಾಸ್‌ರೂಮುಗಳಲ್ಲಿ ದೊಡ್ಡದಾಗಿ ಹಾಕಬೇಕು. ಕಾನೂನು ಬರುವವರೆಗೆ ಇವೇ ಕಡ್ಡಾಯ. ವಿದ್ಯಾರ್ಥಿ ತಂಡ ಈ ಪಟ್ಟಿ ಹಿಡಿದು ವಿನಯದಿಂದಲೇ ಪ್ರಿನ್ಸಿಪಾಲರ ಕೋಣೆಗೆ ಹೋಗಬಹುದು. ಆಪ್ತಸಮಾಲೋಚಕರ ಕೋಣೆ ಆಫೀಸಿನ ಎದುರಿಗೆ ಬೇಡ, ಲೈಬ್ರರಿಯ ಕಡೆಯಲ್ಲೋ ಮೇಲಿನ ಮಹಡಿಯಲ್ಲೋ ಇರಲಿ ಅಂತಲೂ ಕೇಳಬಹುದು.

ಇಷ್ಟೆಲ್ಲ ಮಾಡಿದರೂ ಒಂದು ಜೀವ ಹೋಗಬಹುದು. ಆಗ ಗೆಳೆಯರ ತಪ್ಪಲ್ಲ ಅದು. ಆ ದಿನಗಳಲ್ಲಿ ಕ್ಯಾಂಪಸ್ಸು ಹೇಗೆ ಮಾತಾಡುತ್ತದೆ ಅನ್ನುವುದು ಉಳಿದವರ ಜೀವದ ಪ್ರಶ್ನೆ. ಸಾವಿನ ವಿಧಾನ, ಜಾಗ, ಬರೆದಿಟ್ಟ ಪತ್ರ, ಫೋಟೋ, ಇವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು. ವಿವರಗಳು ಹರಡಿದಷ್ಟೂ ಈಗಾಗಲೇ ಕುಗ್ಗಿರುವ ಇನ್ನೊಬ್ಬರು ಅದೇ ದಾರಿ ಹಿಡಿಯುವ ಅಪಾಯ ಹೆಚ್ಚುತ್ತದೆ ಅನ್ನುವುದನ್ನು ಸಂಶೋಧನೆಗಳು ದಶಕಗಳಿಂದ ತೋರಿಸುತ್ತಾ ಬಂದಿವೆ. ತಿರುಗಿಸಿ ನೋಡಿದರೆ, ಅಂಥ ಹೊತ್ತನ್ನು ದಾಟಿ ಬದುಕಿದವರ ಅನುಭವ ಪತ್ರಿಕೆಗಳಲ್ಲಿ ಬಂದರೆ ಅಪಾಯ ಕಡಿಮೆಯಾಗುತ್ತದೆ ಅಂತ ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ಗುರುತಿಸಿದರು. ಸೆಪ್ಟೆಂಬರ್ 10ರ ವೇದಿಕೆಗೆ ಯಾರನ್ನು ಕರೆಯಬೇಕು ಅಂತ ಯೋಚಿಸುವಾಗ ಇದನ್ನು ನೆನಪಿಡಿ. ತಾವಾಗಿ ಒಪ್ಪಿದರೆ ಮಾತ್ರ, ವಿಧಾನದ ವಿವರ ಇಲ್ಲದೆ, ಯಾರ ಸಹಾಯದಿಂದ ಹೇಗೆ ಹೊರಬಂದೆ ಅನ್ನುವುದನ್ನು ಅವರು ಹೇಳಲಿ.

ಪ್ರಯತ್ನಿಸಿ ಬದುಕಿ ಕ್ಲಾಸಿಗೆ ವಾಪಸ್ ಬರುವವರ ಬಗ್ಗೆ ನಮ್ಮಲ್ಲಿ ಯೋಚನೆಯೇ ಕಡಿಮೆ. ಆಸ್ಪತ್ರೆಯಿಂದ ಮನೆಗೆ ಬಂದ ನಂತರದ ಕೆಲವು ವಾರ, ಮೊದಲ ಮೂರು ತಿಂಗಳು ಮತ್ತೆ ಅಪಾಯದ ಕಾಲ. ಅವರು ಬರುವ ಮೊದಲೇ ತಂಡ, ಉಪನ್ಯಾಸಕರು, ಮನೆಯವರು ಕೂತು ಅಟೆಂಡೆನ್ಸ್, ಬಾಕಿ ಇಂಟರ್ನಲ್ಸ್ ಎಲ್ಲ ಹೇಗೆ ಅಂತ ಮಾತಾಡಿಕೊಳ್ಳಬೇಕು. ವಾಪಸ್ ಬಂದ ದಿನ ಯಾರೂ "ಯಾಕೆ ಹಾಗೆ ಮಾಡಿದ್ದು?" ಅಂತ ಕೇಳುವುದು ಬೇಡ. ಬಿಟ್ಟುಹೋದ ನೋಟ್ಸ್ ಕೊಡಿ, ಊಟಕ್ಕೆ ಕರೆಯಿರಿ. ಮುಂದಿನ ಡಾಕ್ಟರ ಭೇಟಿಯ ದಿನ ಮಡಿಕೇರಿ ಬಸ್ಸಿಗೆ ಜೊತೆಗೆ ಯಾರು ಹತ್ತುತ್ತಾರೆ ಅನ್ನುವುದನ್ನು ಹಿಂದಿನ ದಿನವೇ ತೀರ್ಮಾನಿಸಿಕೊಳ್ಳಿ.